ಚಿಗುರು ಚಿವುಟಿದ ಕೈ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಎಲೆಯಕ್ಕ ಎಂದೇ ಕರೆಯುತ್ತಿದ್ದರು. ಸಂಜೆ ಕೆಲಸ ಬಿಟ್ಟು ಬರುವಾಗ ಅವಳಿಗಿಂತ ಮೊದಲು ಅವಳ ವಾಸನೆ ಬೀದಿಯ ತಿರುವು ದಾಟುತ್ತಿತ್ತು. ಹೊಗೆಸೊಪ್ಪಿನ ವಾಸನೆ. ಕೂದಲಲ್ಲಿ, ತಲೆಗೆ ಕಟ್ಟಿದ ಬಟ್ಟೆಯಲ್ಲಿ, ಉಗುರಿನ ಸಂದಿಯಲ್ಲಿ ಅದು ಮನೆ ಮಾಡಿಕೊಂಡಿತ್ತು. ಎದುರುಮನೆಯ ಹೆಂಗಸು ಬಾಯಿಗೆ ಬಿಡುವು ಕೊಟ್ಟವಳೇ ಅಲ್ಲ, ಅದಕ್ಕೇ ಬೀದಿಯವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಆಕೆ ಮೂಗರಳಿಸಿ, “ಎಲೆಯಕ್ಕ ಬಂದ್ರು, ಇನ್ನು ಗಡಿಯಾರ ಯಾಕೆ ನೋಡ್ಬೇಕು” ಎಂದು ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದಳು.

ಎಲೆಯಕ್ಕ ಇನ್ನೂ ಲಂಗ ತೊಡುವ ವಯಸ್ಸಿನಲ್ಲೇ ಚಿಕ್ಕಮ್ಮನ ಬೆನ್ನು ಹಿಡಿದು ಹೊಗೆಸೊಪ್ಪಿನ ಶೆಡ್ಡಿಗೆ ಹೋದವಳು. ಒಣಗಿಸಿ ಹದ ಮಾಡಿದ ಸೊಪ್ಪು ದೊಡ್ಡ ದೊಡ್ಡ ಮೂಟೆಗಳಲ್ಲಿ ಬರುತ್ತಿತ್ತು. ಅದಕ್ಕೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ನಡುವಿನ ನಾರು ಎಳೆದು ತೆಗೆದು, ಬಣ್ಣ ನೋಡಿ ಬೇರೆ ಬೇರೆ ರಾಶಿ ಹಾಕುವುದು ಹೆಂಗಸರ ಕೆಲಸ. ಮೊದಮೊದಲು ಸೀನಿ ಸೀನಿ ಕಣ್ಣು ಕೆಂಪಾಗಿ, ಹೊಟ್ಟೆ ತೊಳಸಿ, ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. “ಎಲ್ಲರಿಗೂ ಹೀಗೇ ಕಣೇ, ಎಲೆ ನಿನ್ನ ಪರಿಚಯ ಮಾಡ್ಕೊಳ್ತಾ ಇದೆ” ಎಂದು ಚಿಕ್ಕಮ್ಮ ಬೆನ್ನು ಸವರಿದ್ದಳು. ಪರಿಚಯ ಚೆನ್ನಾಗಿಯೇ ಆಯಿತು. ಈಗ ಅವಳು ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಮುಟ್ಟಿದರೆ ಸಾಕು, ಇದು ಮೇಲಿನ ಎಲೆಯೋ ಬುಡದ ಎಲೆಯೋ ಹೇಳಿಬಿಡುತ್ತಾಳೆ. ನಾರು ಎಳೆಯುವುದರಲ್ಲಂತೂ ಎತ್ತಿದ ಕೈ.

ಆ ಸೊಪ್ಪಿನಲ್ಲಿ ಒಂದು ಅಂಟಿದೆ. ಬೆಳಿಗ್ಗೆ ಹಳದಿಯಾಗಿ ಶುರುವಾಗಿ ಸಂಜೆಗೆ ಡಾಂಬರಿನ ಹಾಗೆ ಕಪ್ಪಗೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಸಾಬೂನಿಗೆ ಅದು ಬಗ್ಗುವುದಿಲ್ಲ. ಹಸಿ ಟೊಮೆಟೊಕಾಯಿ ಜಜ್ಜಿ ಅಂಗೈಗೆ ಉಜ್ಜಿದರೆ ಮಾತ್ರ ನೊರೆನೊರೆಯಾಗಿ ಬಿಟ್ಟುಕೊಳ್ಳುತ್ತದೆ. ಇದನ್ನು ಯಾರು ಕಂಡುಹಿಡಿದರೋ, ಶೆಡ್ಡಿನ ಹೆಂಗಸರಿಗೆಲ್ಲ ಗೊತ್ತಿತ್ತು. ತರಕಾರಿ ಅಂಗಡಿಯವನು ಬಿಸಾಡುವ ಕಾಯಿಗಳನ್ನು ಕೇಳಿ ತಂದು ನಲ್ಲಿಯ ಪಕ್ಕ ಒಂದು ಡಬ್ಬದಲ್ಲಿ ಇಟ್ಟುಕೊಳ್ಳುತ್ತಿದ್ದರು.

ಅವಳ ಗಂಡ ಕಲ್ಲು ಕೊರೆಯುವ ಕಾರ್ಖಾನೆಯಲ್ಲಿದ್ದ. ಆಳು ಗಟ್ಟಿಮುಟ್ಟು, ನಗೆ ಜಾಸ್ತಿ, ಸಿಗರೇಟು ಇನ್ನೂ ಜಾಸ್ತಿ. ಮಕ್ಕಳಾಗಲಿಲ್ಲ. ಅದನ್ನು ಇಬ್ಬರೂ ಒಬ್ಬರ ಮೇಲೊಬ್ಬರು ಹೊರಿಸದೆ ನುಂಗಿಕೊಂಡಿದ್ದರು. ಕಲ್ಲಿನ ಧೂಳು ವರ್ಷಗಟ್ಟಲೆ ಎದೆಗೆ ಇಳಿದು ಒಂದು ದಿನ ಅವನನ್ನು ಕೆಡವಿತು. ಡಾಕ್ಟರು ಎದೆಯ ಪಟ ಬೆಳಕಿಗೆ ಹಿಡಿದು ನೋಡಿ, ಇದು ಬಿಟ್ಟುಹೋಗುವ ಕಾಯಿಲೆಯಲ್ಲ, ಆದರೆ ಮಲಗಿದ ಕಡೆಯೇ ಮಲಗಿದರೆ ಬೇಗ ಮುಗಿಯುತ್ತದೆ, ಎದ್ದು ಓಡಾಡಿಸಿ, ಇನ್ನು ಒಂದು ಸಿಗರೇಟು ಸೇದಿದರೂ ನನ್ನ ಹತ್ತಿರ ಬರಬೇಡಿ ಎಂದರು. ಸಿಗರೇಟನ್ನು ಅವನು ಅಂದೇ ಬಿಟ್ಟ. ಏಳುವುದನ್ನೂ ಬಿಟ್ಟ.

ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅವಳು ಬೆಳಿಗ್ಗೆ ಚಹಾದ ಲೋಟ ಇಟ್ಟು ಹೋದರೆ ಸಂಜೆ ಅದು ಕೆನೆಗಟ್ಟಿ ಹಾಗೇ ಇರುತ್ತಿತ್ತು. ಬೈದಳು, ಗೋಗರೆದಳು, ಎರಡು ದಿನ ಮಾತೂ ಬಿಟ್ಟಳು. ಮಾತು ಬಿಟ್ಟಿದ್ದು ಅವನ ಗಮನಕ್ಕೇ ಬರಲಿಲ್ಲ.

ಅವನನ್ನು ಎಬ್ಬಿಸಿದ್ದು ಒಂದು ಟೊಮೆಟೊ ಗಿಡ. ಹಿತ್ತಲ ಬಚ್ಚಲು ನೀರು ಹೋಗುವ ಕಡೆ, ಯಾವತ್ತೋ ಎಸೆದ ಕೊಳೆತ ಹಣ್ಣಿನಿಂದ ಅದು ತಾನಾಗಿಯೇ ಹುಟ್ಟಿಕೊಂಡಿತ್ತು. ಯಾರೂ ನೆಟ್ಟಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಸ್ನಾನಕ್ಕೆ ಹೋದವನು ಕಂಡು, ಒದ್ದೆ ಮೈಯಲ್ಲೇ ಅದರ ಮುಂದೆ ನಿಂತುಬಿಟ್ಟಿದ್ದನಂತೆ. ಸಂಜೆ ಅವಳು ಬರುವಷ್ಟರಲ್ಲಿ ಅವನು ಹಿತ್ತಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ.

“ಲೇ ಇವ್ಳೇ, ಒಂದು ಕೋಲು ತಗೊಂಬಾ. ಪಾಪ, ಇದು ಭಾರಕ್ಕೆ ಬಗ್ಗಿದೆ.”

“ಪಾಪಾನಾ? ನಾನು ಇಷ್ಟು ವರ್ಷದಿಂದ ಬಗ್ಗಿದೀನಿ, ನನಗೊಂದು ಕೋಲು ಕೊಟ್ರಾ?” ಎಂದು ಅವಳು ಅಂದಳು. ಅಂದವಳೇ ಒಳಗೆ ಓಡಿ ಪೊರಕೆಯ ಹಿಡಿಯನ್ನೇ ಕಿತ್ತು ತಂದಳು.

ಆ ಗಿಡ ಮೈತುಂಬ ಕಾಯಿ ಬಿಟ್ಟಿತು. ಮುಂದಿನ ಸಲ ಅವನು ಸುಮ್ಮನಿರಲಿಲ್ಲ. ಪೇಟೆಯ ಕೊನೆಯಲ್ಲಿ ಸಸಿ ಮಾರುವ ಹೆಂಗಸಿನಿಂದ ಸಸಿ ತರಿಸಿದ. ಹಳೇ ಬಣ್ಣದ ಡಬ್ಬ, ಒಡೆದ ಬಕೆಟ್ಟು, ಗೋಡೆಯ ಬದಿಯ ಮೊಳದಗಲದ ನೆಲ, ಎಲ್ಲ ಕಡೆ ಟೊಮೆಟೊ. ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪವೇ ನೀರು ಒಯ್ದು ಹಾಕುತ್ತಿದ್ದ. ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದ. ನಿಂತರೂ ಮತ್ತೆ ನಡೆಯುತ್ತಿದ್ದ. ಎಲೆಯಕ್ಕನಿಗೆ ಅಷ್ಟು ಸಾಕಾಗಿತ್ತು. ಟೊಮೆಟೊ ಬಂದರೆಷ್ಟು ಬಿಟ್ಟರೆಷ್ಟು, ಅವನು ಏಳುತ್ತಾನಲ್ಲ.

ಬಗ್ಗುವುದು ಮಾತ್ರ ಅವನ ಕೈಲಿ ಆಗುತ್ತಿರಲಿಲ್ಲ. ಬಗ್ಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಟೊಮೆಟೊ ಗಿಡದಲ್ಲಿ ಎಲೆಯ ಕಂಕುಳಲ್ಲಿ ಬೇಡದ ಚಿಗುರು ಹೊರಡುತ್ತದೆ. ಅದನ್ನು ಎಳೆಯದಾಗಿರುವಾಗಲೇ ಚಿವುಟಿ ತೆಗೆಯಬೇಕು, ಇಲ್ಲದಿದ್ದರೆ ಗಿಡ ಬರೀ ಸೊಪ್ಪಾಗುತ್ತದೆ. ಅದು ಎಲೆಯಕ್ಕನ ಪಾಲಿಗೆ ಬಂತು. ಶೆಡ್ಡಿನಿಂದ ಬಂದವಳು ಚೀಲವನ್ನು ಬಾಗಿಲಲ್ಲೇ ಎಸೆದು ನೇರ ಹಿತ್ತಲಿಗೆ ಹೋಗುತ್ತಿದ್ದಳು. ಕತ್ತಲಾಗುವ ಮೊದಲು ಮುಗಿಸಬೇಕಲ್ಲ.

“ಅಲ್ಲಲ್ಲ, ಅದು ಹೂವಿನ ಗೊಂಚಲು! ಅದನ್ನ ಬಿಡು, ಅದರ ಕೆಳಗಿಂದು.”

“ಗೊತ್ತು ಬಿಡಿ. ಎಲೆ ವಿಷಯ ನನಗೆ ಹೇಳ್ಕೊಡೋಕೆ ಬರ್ತೀರಾ?”

“ನಿಂದು ಸತ್ತ ಎಲೆ ಕಣೇ. ಇದು ಬದುಕಿರೋದು.”

“ಬದುಕಿರೋದರ ಸುದ್ದಿ ನಿಮ್ಮ ಬಾಯಲ್ಲಿ! ಆಗಲಿ ಮಹಾರಾಯರೇ.”

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಗು ಕೆಮ್ಮಾಗಿ ತಿರುಗಿ, ಅವಳು ಎದ್ದು ಬೆನ್ನು ನೀವಬೇಕಾಗುತ್ತಿತ್ತು. ಚಿವುಟಿ ಮುಗಿದ ಮೇಲೆ ಉದುರಿಬಿದ್ದ ಒಂದು ಹಸಿಕಾಯಿ ಎತ್ತಿ, ಅಲ್ಲೇ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಗೆ ತಿಕ್ಕಿಕೊಳ್ಳುತ್ತಿದ್ದಳು. ಕಪ್ಪು ಅಂಟು ಹಸಿರು ನೊರೆಯ ಜೊತೆ ಇಳಿದು ಮಣ್ಣಿಗೆ ಹೋಗುತ್ತಿತ್ತು. ಮನೆಯದೇ ಕಾಯಲ್ಲಿ ಕೈ ತೊಳೆಯುವ ಶ್ರೀಮಂತಿಕೆ ಶೆಡ್ಡಿನಲ್ಲಿ ಬೇರೆ ಯಾರಿಗಿದೆ ಎಂದು ಅವಳಿಗೆ ಒಳಗೊಳಗೇ ಜಂಬ.

ಮೊದಲು ಕೆಟ್ಟಿದ್ದು ಒಡೆದ ಬಕೆಟ್ಟಿನ ಗಿಡ. ತುದಿಯ ಎಲೆಗಳಲ್ಲಿ ಕಡುಹಸಿರು ತಿಳಿಹಸಿರು ಕಲೆಸಿದ ಹಾಗೆ ಮಚ್ಚೆ ಕಾಣಿಸಿತು. ಬಿಸಿಲು ಜೋರು ಎಂದುಕೊಂಡರು. ಆಮೇಲೆ ಹೊಸ ಎಲೆಗಳು ಅಗಲವಾಗದೆ ದಾರದ ಹಾಗೆ ಸಣ್ಣಗೆ ತಿರುಚಿಕೊಂಡು ಬಂದವು. ಆಮೇಲೆ ಪಕ್ಕದ್ದು. ಅದರ ಪಕ್ಕದ್ದು. ಗಂಡ ಬೂದಿ ಹಾಕಿದ, ಸಾಬೂನಿನ ನೀರು ಚಿಮುಕಿಸಿದ, ಡಬ್ಬಗಳನ್ನು ನೆರಳಿಗೆ ಸರಿಸಿ ಮತ್ತೆ ಬಿಸಿಲಿಗೆ ಸರಿಸಿದ. ಒಂದು ಡಬ್ಬ ಸರಿಸಿದರೆ ಅರ್ಧ ಹಗಲು ಕೂತು ಸುಧಾರಿಸಿಕೊಳ್ಳಬೇಕು. ಹಣ್ಣಾದ ನಾಲ್ಕಾರನ್ನು ಕೊಯ್ದು ನೋಡಿದರೆ ಒಳಗೆ ಕಂದು ಕಂದು.

“ನಾನೇನೋ ತಪ್ಪು ಮಾಡ್ತಿದೀನಿ ಕಣೇ,” ಎನ್ನುತ್ತಿದ್ದ. “ಅದು ತಾನಾಗಿ ಹುಟ್ಟಿದ್ದು ಹೇಗೆ ಬೆಳೀತು ನೋಡು. ನಾನು ಕೈ ಹಾಕಿದ್ದಕ್ಕೆ ಹೀಗಾಗ್ತಿದೆ.”

“ನಿಮ್ಮ ತಲೆ. ಗಿಡ ಅಂದ್ಮೇಲೆ ನೆಗಡಿ ಕೆಮ್ಮು ಇರಲ್ವಾ?” ಎಂದು ಅವಳು ತೇಲಿಸಿದಳು. ಆದರೆ ಬೆಳಿಗ್ಗೆ ಅವನು ಏಳುವುದು ತಡವಾಗುತ್ತಾ ಬಂದದ್ದನ್ನು ಕಂಡು ಅವಳ ಎದೆಯೊಳಗೆ ಹುಳ ಕೊರೆಯತೊಡಗಿತು. ಒಂದು ರೋಗದ ಕೊಂಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ಸಸಿ ಮಾರುವವಳ ಹತ್ತಿರ ಹೋದಳು.

ಸಸಿಯವಳು ಕಾಗದ ಬಿಚ್ಚಿ ನೋಡಿದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡಳು. “ಅಯ್ಯೋ ಅಮ್ಮ, ಇದನ್ನ ನನ್ನ ಸಸಿಗಳ ಹತ್ರ ತರಬೇಡಿ. ಹೊಗೆಸೊಪ್ಪಿನ ರೋಗ ಇದು. ಸಿಗರೇಟು ಗಿಗರೇಟು ಸೇದೋರು ಅದೇ ಕೈಲಿ ಗಿಡ ಮುಟ್ಟಿದ್ರೆ ಅಂಟುತ್ತೆ. ಔಷಧಿ ಇಲ್ಲ, ಕಿತ್ತು ಹಾಕಿ. ಮನೇಲಿ ಯಾರಾದ್ರೂ ಸೇದ್ತಾರಾ?”

ಎಲೆಯಕ್ಕ ಕೊಂಬೆಯನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಂಡಳು. “ಇಲ್ಲ,” ಎಂದಳು. ಆ “ಇಲ್ಲ” ಬಾಯಿಂದ ಹೊರಗೆ ಬರುವಾಗಲೇ ಅವಳಿಗೆ ಅದರ ಮೇಲೆ ನಂಬಿಕೆ ಹೋಗಿತ್ತು.

ತನ್ನ ಕೈ ಅವಳಿಗೆ ನೆನಪಾಗಲೇ ಇಲ್ಲ. ಸೇದುವವರು ಎಂಬ ಮಾತು ಕೇಳಿದ ಮೇಲೆ ತಲೆಯಲ್ಲಿ ಬರೀ ಹೊಗೆ ತುಂಬಿತು. ಹಗಲೆಲ್ಲ ಅವನೊಬ್ಬನೇ ಮನೆಯಲ್ಲಿ. ತಡವಾಗಿ ಏಳುತ್ತಿದ್ದಾನೆ, ಕೆಮ್ಮು ಹೆಚ್ಚಿದೆ, ಮುಖ ತಪ್ಪಿಸುತ್ತಾನೆ. ಇನ್ನೊಂದು ಮನೆಯಾಗಿದ್ದರೆ ಹೆಂಡತಿಯ ಮೂಗಿಗೆ ಗೊತ್ತಾಗಿಬಿಡುತ್ತಿತ್ತು. ಅವಳ ಮನೆಯಲ್ಲಿ ಹಾಸಿಗೆ ದಿಂಬಿನಿಂದ ಹಿಡಿದು ಕುಡಿಯುವ ನೀರಿನವರೆಗೆ ಎಲ್ಲಕ್ಕೂ ಅವಳದೇ ಹೊಗೆಸೊಪ್ಪಿನ ವಾಸನೆ. ಅವನು ಎದುರಿಗೇ ಕೂತು ಸೇದಿ ಎದ್ದರೂ ಅವಳಿಗೆ ತಿಳಿಯುವಂತಿರಲಿಲ್ಲ. ದಾರಿಯುದ್ದಕ್ಕೂ ಇದನ್ನೇ ಮಸೆದು ಮಸೆದು ಮನೆ ತಲುಪುವಾಗ ಅದು ಕತ್ತಿಯಾಗಿತ್ತು.

ಅವನು ಹಿತ್ತಲಲ್ಲಿದ್ದ. ಅವಳು ಸದ್ದಿಲ್ಲದೆ ಹಾಸಿಗೆ ಎತ್ತಿದಳು. ದಿಂಬಿನ ಚೀಲ ತಿರುವಿದಳು. ಅವನ ಹಳೇ ಕೋಟಿನ ಜೇಬು, ಗಡಿಯಾರದ ಹಿಂದೆ, ಔಷಧಿಯ ಡಬ್ಬಿ, ಎಲ್ಲ ತಡಕಾಡಿದಳು. ಏನೂ ಸಿಗಲಿಲ್ಲ. ಸಿಗದಿದ್ದದ್ದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಇಷ್ಟು ಚೆನ್ನಾಗಿ ಬಚ್ಚಿಡುತ್ತಾನಾ? ತಿರುಗಿ ನೋಡಿದರೆ ಅವನು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದ.

“ಏನ್ ಹುಡುಕ್ತಿದೀಯ?”

“ಎಲ್ಲಿಟ್ಟಿದೀರಿ?”

“ಏನನ್ನ?”

“ನನ್ನ ಕಣ್ಣಿಗೆ ಮಣ್ಣೆರಚಬೇಡಿ. ಸಿಗರೇಟು! ಸಸಿಯವಳು ನೋಡಿದ ತಕ್ಷಣ ಹೇಳಿದ್ಲು, ಸೇದೋರ ಕೈ ತಾಗಿದ್ರೇ ಗಿಡಕ್ಕೆ ಹೀಗಾಗೋದಂತೆ. ನಾನು ಅಲ್ಲಿ ಬೆನ್ನು ಮುರ್ಕೊಂಡು ದುಡೀತೀನಿ, ನೀವಿಲ್ಲಿ ಎದೆ ಸುಟ್ಕೊಳ್ತಾ ಕೂತಿದೀರಿ. ಸಾಯೋದಾದ್ರೆ ಹೇಳಿ ಸಾಯಿರಿ. ಗಿಡದ ನೆಪ ಯಾಕೆ?”

ಅವನು ಆಣೆ ಇಡಲಿಲ್ಲ, ಕೂಗಾಡಲಿಲ್ಲ. ತಲೆಕೆಳಗಾದ ಹಾಸಿಗೆಯನ್ನೇ ನೋಡಿದ. “ನಿನಗೆ ಹಾಗೆ ಅನ್ಸಿದ್ರೆ ಹಾಗೇ ಇರ್ಲಿ ಬಿಡು,” ಎಂದ. ಹಾಸಿಗೆಯನ್ನು ತಾನೇ ಸರಿಮಾಡಿಕೊಳ್ಳಲು ಹೋಗಿ, ಅರ್ಧಕ್ಕೆ ಉಸಿರು ನಿಂತು, ಮುದುರಿದ ಹಾಸಿಗೆಯ ಮೇಲೆಯೇ ಮಲಗಿ ಗೋಡೆಗೆ ತಿರುಗಿದ.

ಮರುದಿನ ಅವನು ಏಳಲಿಲ್ಲ. ಅದರ ಮರುದಿನವೂ ಇಲ್ಲ. ಮೊದಲು ಹಠ ಎಂದುಕೊಂಡಳು. ಹಠವಾದರೆ ಮುಖದಲ್ಲಿ ಬಿಗಿ ಇರಬೇಕಿತ್ತು. ಅವನ ಮುಖದಲ್ಲಿ ಏನೂ ಇರಲಿಲ್ಲ.

ಶೆಡ್ಡಿನಲ್ಲಿ ಅವಳ ಕೈ ಓಡಲಿಲ್ಲ. ಪಕ್ಕದಲ್ಲಿ ಕೂರುವ ದೊಡ್ಡಕ್ಕ ಅಲ್ಲಿಗೆಲ್ಲ ಹಿರಿಯಳು, ಹಲ್ಲು ಅರ್ಧ ಹೋಗಿದ್ದರೂ ನಾಲಿಗೆ ಪೂರ್ತಿ ಇದ್ದವಳು. “ಏನೇ, ಗಂಡ ಬೈದನಾ? ನೀನೇ ಬೈದಿರಬೇಕು, ಅದಕ್ಕೇ ಮುಖ ಹೀಗಿದೆ” ಎಂದು ಕೆಣಕಿದಳು. ಎಲೆಯಕ್ಕನಿಗೆ ತಡೆಯಲಾಗಲಿಲ್ಲ. ನಾರು ಎಳೆಯುತ್ತಲೇ ಗಿಡದಿಂದ ಹಿಡಿದು ಸಸಿಯವಳವರೆಗೆ, ಹಾಸಿಗೆ ಎತ್ತಿದ್ದರವರೆಗೆ ಎಲ್ಲ ಹೇಳಿದಳು.

ದೊಡ್ಡಕ್ಕ ಕೈ ನಿಲ್ಲಿಸಿದಳು. “ಟೊಮೆಟೊ ಗಿಡ ಮುಟ್ತಿದ್ದೋರು ಯಾರು?”

“ನಾನೇ. ಅವರಿಗೆ ಬಗ್ಗೋಕಾಗಲ್ಲ. ದಿನಾ ಹೋಗಿ ಚಿಗುರು ಚಿವುಟ್ತಿದ್ದೆ.”

“ಕೈ ತೊಳ್ಕೊಂಡು?”

“ಚಿವುಟಿ ಆದ್ಮೇಲೆ. ಅಲ್ಲೇ ಒಂದು ಕಾಯಿ ಜಜ್ಜಿ…”

“ಅಯ್ಯೋ ಮಂಕೇ!” ಎಂದಳು ದೊಡ್ಡಕ್ಕ. ಸುತ್ತಲಿನ ಹೆಂಗಸರೆಲ್ಲ ತಲೆಯೆತ್ತಿದರು. “ನಮ್ಮ ಪೈಕಿ ಯಾರ ಹಿತ್ತಲಲ್ಲಾದರೂ ಟೊಮೆಟೊ ಕಂಡಿದೀಯಾ? ಮೆಣಸಿನ ಗಿಡ ಕಂಡಿದೀಯಾ? ಕಾಯಿಗೆ ಅಂಗಡಿಯವನ ಮುಂದೆ ಕೈ ಒಡ್ಡೋದು ಯಾಕೆ ಅಂದ್ಕೊಂಡೆ? ನಮ್ಮ ಕೈ ತಾಗಿದ್ರೆ ಅವು ಬದುಕಲ್ಲ ಕಣೇ. ಸೇದೋರ ಬೆರಳಲ್ಲಿ ಒಂದಿಷ್ಟು ಇರುತ್ತೆ. ನಾವು ಮೊಣಕೈವರೆಗೂ ಅದರಲ್ಲೇ ಮುಳುಗಿರೋರು. ಸಾಲದ್ದಕ್ಕೆ ಅದನ್ನ ತೊಳೆದು ಗಿಡದ ಬುಡಕ್ಕೇ ಕುಡಿಸಿದೀಯಲ್ಲ!”

ಯಾರೋ ಕಿಸಕ್ಕನೆ ನಕ್ಕರು. ಎಲೆಯಕ್ಕ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಅವು ಬೇರೆ ಯಾರದೋ ಕೈಗಳಂತೆ ಸುಮ್ಮನೆ ಬಿದ್ದಿದ್ದವು. ಆ ಹೊತ್ತಿಗೇ ಎದ್ದು ಮನೆಗೆ ಓಡೋಣ ಎನ್ನಿಸಿತು. ಎದ್ದು ಹೋದರೆ ನಾಳೆ ಆ ಜಾಗದಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ, ಅವನ ಔಷಧಿಗೆ ಯಾರ ಮುಂದೆ ನಿಲ್ಲುವುದು? ಸಂಜೆಯ ಗಂಟೆ ಹೊಡೆಯುವವರೆಗೆ ಮೂಟೆ ಬಿಚ್ಚಿದಳು, ನಾರು ಎಳೆದಳು.

ಅಂದು ನಲ್ಲಿಯ ಕೆಳಗೆ ಚರ್ಮ ಕಿತ್ತುಬರುವ ಹಾಗೆ ಕೈ ತಿಕ್ಕಿ ಮನೆಗೆ ಬಂದು, ಅವನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಳು.

“ರೀ… ನೀವು ಸೇದಲಿಲ್ಲ.”

“ಗೊತ್ತು,” ಎಂದ ಅವನು ಗೋಡೆಯ ಕಡೆಗೇ.

“ನಂದೇ ಕೈ. ಶೆಡ್ಡಿನ ಕೈ. ನಾನೇ ದಿನಾ ಸವರಿ ಸವರಿ ಎಲ್ಲಕ್ಕೂ ಅಂಟಿಸಿಬಿಟ್ಟೆ. ದೊಡ್ಡಕ್ಕ ಹೇಳಿದ್ರು.”

ಅವನು ನಿಧಾನವಾಗಿ ಈ ಕಡೆ ಹೊರಳಿದ. ಬೈಯುತ್ತಾನೆ ಎಂದು ಕಾದಳು. ಬೈದರೆ ಸಾಕಿತ್ತು. ಅವನ ತುಟಿಯ ಒಂದು ಕೊನೆಯಲ್ಲಿ ಸಣ್ಣ ನಗು ಬಂದು ಹೋಯಿತು. “ಅದೇ ಕೈಯಲ್ಲಿ ಇಷ್ಟು ವರ್ಷ ನಾನೂ ಉಂಡಿದೀನಿ. ಟೊಮೆಟೊ ನನ್ನಷ್ಟು ಗಟ್ಟಿಯಿಲ್ಲ ಪಾಪ.”

ಅವಳು ನಗುತ್ತಾ ಅತ್ತುಬಿಟ್ಟಳು. ಎಲ್ಲ ಸರಿಹೋಯಿತು ಎಂದುಕೊಂಡಳು. ಮರುದಿನವೇ ರೋಗದ ಗಿಡಗಳನ್ನೆಲ್ಲ ಕಿತ್ತು ದೂರ ಒಯ್ದು ಸುಟ್ಟಳು. ಡಬ್ಬಗಳ ಮಣ್ಣು ಬಿಸಾಡಿ ಹೊಸದು ತುಂಬಿದಳು. ರಜೆಯ ದಿನ ತಲೆಗೆ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಸಸಿಯವಳ ಹತ್ತಿರ ಹೋದರೂ, ಸಸಿಯ ಬುಟ್ಟಿಯನ್ನು ತಾನು ಮುಟ್ಟದೆ ಎದುರುಮನೆಯ ರೇಡಿಯೋ ಕೈಯಲ್ಲೇ ಹೊರಿಸಿಕೊಂಡು ಬಂದಳು. ರೇಡಿಯೋ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಬಗ್ಗುವ ಗೋಜೇ ಬೇಡವೆಂದು ಹಳೇ ಮೇಜನ್ನು ಹಿತ್ತಲಿಗೆ ಎಳೆದು ಡಬ್ಬಗಳನ್ನು ಅದರ ಮೇಲಿಡಿಸಿದಳು. ಸ್ಟೂಲಿನಲ್ಲಿ ಕೂತರೆ ಗಿಡ ಅವನ ಎದೆಯ ಮಟ್ಟಕ್ಕೆ.

ಅವನು ಅವಳ ಮನಸ್ಸು ನೋಯಬಾರದೆಂದು ಎದ್ದುಬಂದ. ಸ್ಟೂಲಿನಲ್ಲಿ ಕೂತ. ಒಂದು ಸಸಿಯ ಎಲೆಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದ. ಎಲೆಯಕ್ಕ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಹತ್ರ ಬಾ,” ಎಂದ.

“ಬೇಡಪ್ಪ. ಬಟ್ಟೆಯಿಂದಲೂ ಅಂಟುತ್ತಂತೆ.”

“ಹಾಗಾದ್ರೆ ನಾನೊಬ್ಬನೇ ಕೂತು ಏನ್ ಮಾಡ್ಲಿ?”

“ಬೆಳೆಸಿ. ನಾನು ಇಲ್ಲಿಂದಲೇ ನೋಡ್ತೀನಿ.”

ಅವನು ಎಲೆಯನ್ನು ಬಿಟ್ಟ. “ಟೊಮೆಟೊಗೆ ಅಂತ ನಾನು ಏಳ್ತಿದ್ದೆ ಅಂದ್ಕೊಂಡ್ಯಾ? ನೀನು ಸಂಜೆ ಬಂದು ಇಲ್ಲಿ ಕೂತ್ಕೊಳ್ತೀಯಲ್ಲ, ಅದಕ್ಕೆ ಇದೆಲ್ಲ ಚೆನ್ನಾಗಿರಬೇಕು ಅಂತ ಬೆಳಿಗ್ಗೆಯಿಂದ ನೀರು ಹೊರ್ತಿದ್ದೆ.” ಉಸಿರು ಎಳೆದುಕೊಂಡ. “ಮೊನ್ನೆ ನೀನು ಹಾಸಿಗೆ ಎತ್ತಿ ಹುಡುಕಿದೆ. ನಿನಗೋಸ್ಕರ ಬಿಟ್ಟಿದ್ದೆ ಕಣೇ ಸಿಗರೇಟನ್ನ. ದಿನಾ ಬಾಯಿ ಎಳೀತಿತ್ತು. ದಿನಾ. ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ.”

“ತಪ್ಪಾಯ್ತು ಅಂದೆನಲ್ರೀ…”

“ಅಂದೆ. ನನಗೇನೂ ಸಿಟ್ಟಿಲ್ಲ. ಏಳೋಕೆ ಆಗ್ತಿಲ್ಲ, ಅಷ್ಟೇ.”

ಸಿಟ್ಟಿಲ್ಲ ಎಂದದ್ದು ನಿಜ. ಅದೇ ಅವಳನ್ನು ಕೈಚೆಲ್ಲುವಂತೆ ಮಾಡಿತು. ಸಿಟ್ಟಾಗಿದ್ದರೆ ಇಳಿಸಬಹುದಿತ್ತು, ಹಠವಾಗಿದ್ದರೆ ಮುರಿಯಬಹುದಿತ್ತು. ಅವನ ಒಳಗೆ ಏನೋ ಒಂದು ಸದ್ದಿಲ್ಲದೆ ಕಳಚಿಬಿದ್ದಿತ್ತು, ಅದು ಎಲ್ಲಿ ಬಿತ್ತೆಂದು ಹುಡುಕಿ ತೆಗೆದುಕೊಡುವ ಹಾಗಿರಲಿಲ್ಲ. ಅವನನ್ನು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮೇಜಿನ ಮೇಲಿನ ಸಸಿಗಳು ನೀರಿಲ್ಲದೆ ತಲೆ ಬಾಗಿಸಿದವು. ಬೆಳಗಾದರೆ ಅವಳು ಶೆಡ್ಡಿಗೆ ಹೋಗಬೇಕು. ಸಂಜೆ ದೂರದಿಂದಲೇ ಮಗ್ಗಿನಲ್ಲಿ ನೀರು ಎರಚುತ್ತಿದ್ದಳು. ಅರ್ಧ ಡಬ್ಬಕ್ಕೆ, ಅರ್ಧ ನೆಲಕ್ಕೆ. ಕೊನೆಗೆ ರೇಡಿಯೋ ನೋಡಲಾರದೆ, “ಅಕ್ಕ, ನಾನು ತಗೊಂಡ್ಹೋಗ್ಲಾ? ನಮ್ಮನೆ ಮಹಡಿ ಮೇಲೆ ಇಟ್ಕೋತೀನಿ. ಭಾವನವರು ಹುಷಾರಾದ್ಮೇಲೆ ವಾಪಸ್ ಕೊಡ್ತೀನಿ” ಎಂದಳು. ಭಾವ ಹುಷಾರಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಎಲೆಯಕ್ಕನಿಗೂ ಗೊತ್ತಿತ್ತು. “ತಗೊಂಡ್ಹೋಗಮ್ಮ,” ಎಂದಳು.

ಅಲ್ಲಿ ಅವು ಬೇರುಬಿಟ್ಟು ಚಿಗುರಿದವು. ಡಾಕ್ಟರು ಮನೆಗೇ ಬಂದು ನೋಡಿ, ಓಡಾಡಿಸಿ ಎಂಬ ಮಾತನ್ನೂ ಆಡದೆ ಹೊರಟುಹೋದ ವಾರವೇ, ರೇಡಿಯೋ ಬಟ್ಟಲಲ್ಲಿ ಹಣ್ಣು ತಂದುಕೊಟ್ಟಳು. ಕೆಂಪಗೆ, ಮಚ್ಚೆಯಿಲ್ಲದೆ ದುಂಡಗಿದ್ದವು. ಎಲೆಯಕ್ಕ ಒಂದನ್ನು ಹೆಚ್ಚಿ, ಉಪ್ಪು ಉದುರಿಸಿ, ಅವನ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದು ಒಂದೊಂದೇ ಹೋಳು ಬಾಯಿಗಿಟ್ಟಳು. ಅವನು ಬಹಳ ಹೊತ್ತು ಅಗಿದ.

“ಚೆನ್ನಾಗಿದೆ. ಯಾರದು?”

“ನಮ್ಮದೇ ರೀ. ನೀವು ಮುಟ್ಟಿ ನೋಡಿದ್ರಲ್ಲ, ಆ ಸಸಿಗಳದ್ದು. ಎದುರುಮನೆಯಲ್ಲಿ ಬೆಳೆದಿವೆ.”

“ಓ,” ಎಂದ. “ಅವರದ್ದು.”

ಮುಂದಿನ ಹೋಳಿಗೆ ಬಾಯಿ ತೆರೆಯಲಿಲ್ಲ. ಸಾಕು ಎಂದು ಕೈಸನ್ನೆ ಮಾಡಿ ಗೋಡೆಯ ಕಡೆ ಹೊರಳಿದ. ಅವಳು ತಟ್ಟೆಯನ್ನು ನೆಲದ ಮೇಲಿಟ್ಟು, ಅವನ ಬೆನ್ನಿಗೆ ದಿಂಬು ಒತ್ತಿಟ್ಟು, ಉಸಿರು ಏರಿಳಿಯುವುದನ್ನು ನೋಡುತ್ತಾ ಕೂತಳು.